ದಂಟಿನ ಕಡ್ಡಿ ನನ್ನ ಮರ್ಯಾದೆ ತೆಗೆದ ಕಥೆ

ಸಂಕ್ರಾಂತಿ ಮುಗಿದು ನಾಲ್ಕು ದಿನ ಆಗಿತ್ತು. ತಿಪಟೂರು ಹತ್ರ ನಮ್ಮೂರ ಮನೇಲಿ ಇನ್ನೂ ಎರಡು ಜಲ್ಲೆ ಕಬ್ಬು ಬಾಗಿಲ ಮೂಲೇಲಿ ಒರಗಿತ್ತು, ತಿನ್ನೋರಿಲ್ಲ. ಅಕ್ಕನ ಮಗಳು ಸೆಕೆಂಡ್ ಪಿಯು, ಬಯಾಲಜಿ ಪ್ರಾಕ್ಟಿಕಲ್ ಇನ್ನೊಂದು ವಾರ ಇದೆ ಅನ್ನೋವಾಗ ರೆಕಾರ್ಡ್ ಬುಕ್ಕನ್ನ ಪ್ಲಾಸ್ಟಿಕ್ ಕವರಿಗೆ ಸುತ್ತಿಕೊಂಡು ಬಸ್ಸಲ್ಲಿ ಬಂದಿಳಿದಳು. "ಚಿಕ್ಕಮ್ಮ, ನೀನು ಬಿಎಸ್ಸಿ ಬಾಟನಿ ಅಲ್ವಾ, ಅಡಾಪ್ಟೇಷನ್ ಎಲ್ಲಾ ಒಂದ್ಸಲ ಹೇಳ್ಕೊಡು, ಹಂಗೇ ನೀಟ್‌ಗೆ ಸ್ಟೆಮ್ ಅನಾಟಮಿನೂ ಹೇಳ್ಕೊಟ್ಬಿಡು" ಅಂದ್ಲು. ಅಡಾಪ್ಟೇಷನ್ ಅಂದ್ರೆ ಗಿಡ, ಪ್ರಾಣಿ ತಾನಿರೋ ಜಾಗಕ್ಕೆ ಹೊಂದಿಕೊಂಡಿರೋ ರೀತಿ, ಸ್ಟೆಮ್ ಅನಾಟಮಿ ಅಂದ್ರೆ ಕಾಂಡದ ಒಳರಚನೆ. ನಾನು ಬಾಟನಿ ಬಿಟ್ಟು 16 ವರ್ಷ ಆಯ್ತು, ಈಗ ಮಾಡೋದು ಲೋನ್ ಫೈಲ್ ತಿರುವಿ ಹಾಕೋ ಕೆಲಸ, ಆದ್ರೂ ಮಗು ಕೇಳಿದ್ಮೇಲೆ ಇಲ್ಲ ಅನ್ನಕ್ಕಾಗತ್ತಾ, "ಅದ್ರಲ್ಲೇನಿದೆ, ಬಾ" ಅಂದುಬಿಟ್ಟೆ.

ರೆಕಾರ್ಡ್ ಬುಕ್ ತೆಗೆದು ನೋಡಿದ್ರೆ ಚಿತ್ರ ಎಲ್ಲ ಬಲು ಚೆಂದ. ಪಾಪಾಸುಕಳ್ಳಿಗೆ ಐದು ಪಾಯಿಂಟು, ಅಂತರಗಂಗೆಗೆ ಐದು ಪಾಯಿಂಟು, ಒಂಟೆಗೆ ಐದು, ಮೀನಿಗೆ ಐದು. ಎಲ್ಲರಿಗೂ ರೇಷನ್ ಕೊಟ್ಟಂಗೆ ಐದೈದು. ಅದನ್ನ ಅವಳು ವಿಷ್ಣು ಸಹಸ್ರನಾಮದ ಥರ ಉಸಿರು ಬಿಡದೆ ಒಪ್ಪಿಸ್ತಾಳೆ. "ಎಲೆಗಳು ಮುಳ್ಳಾಗಿ ಮಾರ್ಪಟ್ಟಿವೆ" ಅಂದ್ಲು. ಸರಿ, ಹಂಗಾದ್ರೆ ಆ ಹಸಿರು ಚಪ್ಪಟೆ ಅಂಗೈ ಥರ ಇದ್ಯಲ್ಲ ಅದೇನು ಅಂತ ಕೇಳಿದೆ. "ಎಲೆ." ಮುಳ್ಳು? "ಅದೂ ಎಲೆನೇ." ಆಮೇಲೆ ಅವಳಿಗೇ ಏನೋ ಎಡವಟ್ಟು ಅನ್ನಿಸಿ ಸುಮ್ಮನಾದ್ಲು.

ಬೈಯೋ ಯೋಗ್ಯತೆ ನಂಗೂ ಇಲ್ಲ ಬಿಡಿ. ನಮ್ಮ ಪಿಯು ಸ್ಪಾಟಿಂಗಲ್ಲಿ (ಟೇಬಲ್ ಮೇಲಿಟ್ಟಿದ್ದನ್ನ ನೋಡಿ ಗುರುತಿಸಿ ಬರೆಯೋ ಪರೀಕ್ಷೆ) ಫಾರ್ಮಲಿನ್ ಜಾರಲ್ಲಿ ಒಂದು ಹಾರುವ ಓತಿ ಇಟ್ಟಿದ್ರು, ರೆಕ್ಕೆ ಮಡಚಿ ಮೈಗಂಟಿಸಿಕೊಂಡು ಬಿಳಿಚಿಕೊಂಡಿತ್ತು. ನಾನು "ಹಲ್ಲಿ, ಗೋಡೆ ಹತ್ತಲು ಅನುಕೂಲ" ಅಂತ ಬರೆದು ಬೆಲ್ ಹೊಡೆದ ತಕ್ಷಣ ಮುಂದಿನ ಟೇಬಲ್ಲಿಗೆ ಓಡಿದ್ದೆ. ಅದಾಗಿ ಎಷ್ಟೋ ವರ್ಷಕ್ಕೆ ಶಿರಸಿ ಕಡೆ ಗೆಳತಿ ಮನೆ ಅಡಿಕೆ ತೋಟದಲ್ಲಿ ಜೀವಂತ ನೋಡಿದೆ. ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ಒಣಗಿದ ಎಲೆ ಗಾಳಿಗೆ ತೇಲಿದಂಗೆ ಜಾರಿಕೊಂಡು ಹೋಗಿ ಕೂತ್ಕೊಳ್ತು, ಕೂತ ಮೇಲೆ ತೊಗಟೆ ಯಾವುದು ಓತಿ ಯಾವುದು ಗೊತ್ತಾಗಲ್ಲ, ಗಂಟಲ ಕೆಳಗಿನ ಹಳದಿ ಚರ್ಮ ಪಟ್ ಪಟ್ ಅಂತ ಬಿಚ್ಚಿ ಮುಚ್ಚಿದಾಗ ಮಾತ್ರ, ಓಹ್ ಅಲ್ಲಿದೆ ಅಂತ ಕಂಡಿದ್ದು. ಅದು ನಿಜವಾಗಿ ಹಾರೋದಲ್ಲ, ತೇಲೋದು. ಪಕ್ಕೆಲುಬುಗಳೇ ಉದ್ದಕ್ಕೆ ಬೆಳೆದು ಛತ್ರಿ ಕಡ್ಡಿ ಥರ ಚರ್ಮವನ್ನ ಬಿಡಿಸಿ ಹಿಡಿಯತ್ತೆ. ಅದಕ್ಕೆ ಬೇಕಾದ ಇರುವೆ ಎಲ್ಲಾ ಮರದ ಮೇಲೇ ಸಿಗತ್ತೆ, ಒಂದು ಮರದ ಇರುವೆ ಮುಗೀತು ಅಂತ ಕೆಳಗಿಳಿದು ನೆಲದ ಮೇಲೆ ನಡೆದು ಹೋದ್ರೆ ಯಾವುದಾದ್ರೂ ಹಾವಿನ ಬಾಯಿಗೆ ಬೀಳತ್ತೆ. ಹೆಣ್ಣು ಮಾತ್ರ ಮೊಟ್ಟೆ ಇಡಕ್ಕೆ ನೆಲಕ್ಕಿಳಿಯುತ್ತೆ. ಜಾರಿನೊಳಗಿನ ಆ ಬಿಳಿಚಿದ ವಸ್ತುವಿನಲ್ಲಿ ಇದ್ಯಾವುದೂ ಇರಲಿಲ್ಲ ನೋಡಿ.

ಅದಕ್ಕೇ ಪುಟ್ಟಿಗೆ ಹೇಳಿದೆ, ಪಾಯಿಂಟ್ ಆಚೆ ಇಡು, ಯಾವ ಗಿಡ, ಯಾವ ಪ್ರಾಣಿ ಸಿಕ್ಕಿದ್ರೂ ಒಂದೇ ಪ್ರಶ್ನೆ ಕೇಳು, ಇದಕ್ಕೆ ನೀರು ಎಲ್ಲಿಂದ ಬರತ್ತೆ, ಎಲ್ಲಿಂದ ಹೋಗತ್ತೆ? ಮಿಕ್ಕಿದ್ದು ಕೊಯ್ದು ನೋಡೋಣ.

ಕೊಯ್ಯಕ್ಕೆ ಏನಿದೆ ಅಂತ ಅಡಿಗೆಮನೆಗೆ ಹೋದ್ರೆ ಅಮ್ಮ ಬಸ್ಸಾರಿಗೆ ಅಂತ ದಂಟಿನ ಸೊಪ್ಪು ಬಿಡಿಸ್ತಾ ಕೂತಿದ್ಲು, ಪಕ್ಕದಲ್ಲಿ ಒಂದು ಬುಟ್ಟಿ ಅವರೆಕಾಯಿ. ಎರಡು ದಪ್ಪ ದಂಟು ಎತ್ತಿಕೊಂಡೆ. ಮನೇಲಿ ಸಫ್ರಾನಿನ್ (ಲ್ಯಾಬಲ್ಲಿ ಹಾಕೋ ಕೆಂಪು ಬಣ್ಣ) ಎಲ್ಲಿಂದ ಬರಬೇಕು, ಅಂಗಡಿಯಿಂದ ಒಂದು ಬಾಟ್ಲಿ ಕೆಂಪು ಇಂಕು ತರಿಸಿದೆ. ಪ್ಲಾಸ್ಟಿಕ್ ಜಗ್ಗಲ್ಲಿ ನೀರಿಗೆ ಇಂಕು ಬೆರೆಸಿ, ದಂಟಿನ ಬುಡವನ್ನ ನೀರೊಳಗೇ ಹಿಡಿದು ಓರೆಯಾಗಿ ಕತ್ತರಿಸಿ (ಹೊರಗೆ ಕತ್ತರಿಸಿದ್ರೆ ಕೊಳವೆ ಒಳಗೆ ಗಾಳಿ ಸೇರಿಕೊಂಡು ನೀರು ಮೇಲೇರಲ್ಲ), ತುದಿ ಎಲೆ ಹಾಗೇ ಇಟ್ಟು ಬಿಸಿಲಿಗಿಟ್ವಿ. ಎಲೆ ಇರಲೇಬೇಕು, ಯಾಕಂದ್ರೆ ಎಲೆಯಿಂದ ನೀರು ಆವಿಯಾಗಿ ಹೋದಾಗ್ಲೇ ಕೆಳಗಿಂದ ಎಳೆಯೋದು. ಅಲ್ಲಿತನಕ ನಾನು ಭಾಷಣ ಶುರು ಮಾಡಿದೆ. ನೋಡು ಪುಟ್ಟಿ, ಕ್ಸೈಲಂ ನೀರಿನ ಪೈಪು, ಫ್ಲೋಯಂ ಊಟದ ಪೈಪು, ಎರಡೂ ಜೋಡಿಯಾಗಿ ಒಂದು ಕಟ್ಟು, ಕಾಂಡದಲ್ಲಿ ಕ್ಸೈಲಂ ಒಳಗಡೆಗೆ ಫ್ಲೋಯಂ ಹೊರಗಡೆಗೆ. ಡೈಕಾಟ್, ಅಂದ್ರೆ ಬೀಜದಲ್ಲಿ ಎರಡು ಬೇಳೆ ಇರೋ ಗಿಡ ಆದ್ರೆ ಈ ಕಟ್ಟುಗಳು ಬಳೆ ಥರ ರಿಂಗಾಗಿ ನಿಂತಿರತ್ತೆ, ಮಾನೋಕಾಟ್, ಅಂದ್ರೆ ಒಂದೇ ಬೇಳೆಯದ್ದು ಆದ್ರೆ ಉಪ್ಪಿಟ್ಟಲ್ಲಿ ಸಾಸಿವೆ ಬಿದ್ದಂಗೆ ಎಲ್ಲಾ ಕಡೆ ಚೆಲ್ಲಾಪಿಲ್ಲಿ. ದಂಟು ಡೈಕಾಟು. ಈಗ ನೋಡ್ತಿರು, ಕೆಂಪು ಬಳೆ ಕಾಣತ್ತೆ.

ಮೂರು ಗಂಟೆ ಬಿಟ್ಟು ಹೊಸ ಬ್ಲೇಡಲ್ಲಿ ಅಡ್ಡಕ್ಕೆ ಕೊಯ್ದು ಬಿಳಿ ತಟ್ಟೆ ಮೇಲಿಟ್ಟೆ. ಕೆಂಪು ಚುಕ್ಕಿ ಬಂದಿತ್ತು, ಚೆನ್ನಾಗೇ ಬಂದಿತ್ತು, ಆದ್ರೆ ಅಂಚಲ್ಲಿ ಮಾತ್ರ ಅಲ್ಲ, ಮಧ್ಯದ ತಿರುಳಲ್ಲೂ ಅಲ್ಲೊಂದು ಇಲ್ಲೊಂದು. ಅವಳು ತಟ್ಟೆ ನೋಡಿದ್ಲು, ನನ್ನ ಮುಖ ನೋಡಿದ್ಲು.

"ಚಿಕ್ಕಮ್ಮ, ಇದು ಉಪ್ಪಿಟ್ಟು."

ಅಮ್ಮ ಒಳಗಿಂದ "ಯಾರಿಗಮ್ಮ ಉಪ್ಪಿಟ್ಟು ಈ ಹೊತ್ನಲ್ಲಿ" ಅಂತ ಕೇಳಿದ್ಲು. ನಂಗೆ ಏನು ಹೇಳಬೇಕು ಗೊತ್ತಾಗಲಿಲ್ಲ. ಬ್ಲೇಡಿನ ತಪ್ಪು, ಇಂಕು ಸೋರಿದೆ ಅಂತೆಲ್ಲಾ ಹೇಳಿ ಇನ್ನೊಂದು ಕೊಯ್ದೆ, ಅದೂ ಉಪ್ಪಿಟ್ಟೇ. ಆಮೇಲೆ ಅಟ್ಟದ ಮೇಲಿನ ಟ್ರಂಕು ಇಳಿಸಿ, ನನ್ನ ಹಳೇ ಅನಾಟಮಿ ನೋಟ್ಸ್ ಹುಡುಕಿ, ಧೂಳಲ್ಲಿ ಸೀನಿ, ಕೊನೆಗೂ ಸಿಕ್ತು. ಅಮರಾಂತಸ್, ಅಂದ್ರೆ ನಮ್ಮ ದಂಟೇ, ಅಪವಾದಗಳ ಲಿಸ್ಟಲ್ಲಿದೆ, ತಿರುಳಿನಲ್ಲೂ ಕಟ್ಟುಗಳಿರುತ್ತೆ, ಅದಕ್ಕೆ ಮೆಡ್ಯುಲರಿ ಬಂಡಲ್ ಅಂತ ಹೆಸರು. ನನ್ನದೇ ಕೈಬರಹ, ಕೆಂಪು ಪೆನ್ನಲ್ಲಿ ಅಂಡರ್‌ಲೈನ್ ಬೇರೆ ಮಾಡಿದ್ದೀನಿ! ಇಷ್ಟು ವರ್ಷ ವಾರಕ್ಕೆರಡು ಸಲ ದಂಟಿನ ಸಾರು ತಿಂದಿದ್ದೀನಿ, ಒಂದು ದಿನ ತಟ್ಟೇಲಿ ಅದನ್ನ ಅಡ್ಡಕ್ಕೆ ಕಚ್ಚಿ ನೋಡಿರಲಿಲ್ಲ.

ಆಮೇಲೆ ಹಿತ್ತಲಿಂದ ಚೆಂಡುಹೂವಿನ ಗಿಡದ ರೆಂಬೆ ತಂದು ಅದೇ ಇಂಕಿಗೆ ಇಟ್ವಿ. ಇದು ಸೂರ್ಯಕಾಂತಿ ಕುಟುಂಬದ್ದೇ, ಪಠ್ಯಪುಸ್ತಕದ ಚಿತ್ರ ಸೂರ್ಯಕಾಂತಿದೇ ಆದ್ರಿಂದ ಮೋಸ ಆಗಲ್ಲ. ಸಂಜೆ ಹೊತ್ತಿಗೆ ಕೊಯ್ದರೆ ಅಂಚಿನೊಳಗೆ ಸುತ್ತಲೂ ಕೆಂಪು ಚುಕ್ಕಿ, ಮಧ್ಯ ಬೆಳ್ಳಗೆ ಖಾಲಿ ತಿರುಳು. ಪುಟ್ಟಿ ಫೋನಲ್ಲಿ ಜೂಮ್ ಮಾಡಿ ಫೋಟೋ ಹೊಡೆದ್ಲು, ನನ್ನ ಮರ್ಯಾದೆ ಅರ್ಧ ವಾಪಸ್ ಬಂತು.

ಸೆಕ್ಷನ್ (ನೋಡೋಕೆ ಅಂತ ತೆಗೆಯೋ ತೆಳು ಬಿಲ್ಲೆ) ಕೊಯ್ಯೋದು ಬಾಯಲ್ಲಿ ಹೇಳಿದ್ರೆ ಬರಲ್ಲ, ಆದ್ರೂ ಹೇಳ್ತೀನಿ. ಕಡ್ಡಿಯನ್ನ ಹೆಬ್ಬೆರಳು ಮತ್ತೆ ತೋರುಬೆರಳ ಮಧ್ಯ ನೇರ ನಿಲ್ಲಿಸಬೇಕು, ಹೆಬ್ಬೆರಳು ಸ್ವಲ್ಪ ಕೆಳಗಿರಲಿ, ಇಲ್ಲಾಂದ್ರೆ ಮೊದಲ ಸೆಕ್ಷನ್ ಅದರದ್ದೇ. ಬ್ಲೇಡಿಗೂ ಕಡ್ಡಿಗೂ ನೀರು ಹಚ್ಚಿ, ಗರಗಸ ಆಡಿಸಿದಂಗೆ ಹಿಂದೆ ಮುಂದೆ ಮಾಡದೆ ಒಂದೇ ಎಳೆತಕ್ಕೆ ನಿಮ್ಮ ಕಡೆ ಎಳೀಬೇಕು. 20 ಕೊಯ್ದರೆ ಒಂದು ಚೆನ್ನಾಗಿ ಬರತ್ತೆ. ಎಲ್ಲಾ ನೀರಿನ ಬಟ್ಟಲಿಗೆ ಬಿಟ್ಟು ಬ್ರಶ್ಶಲ್ಲಿ ಅತಿ ತೆಳ್ಳಗಿರೋದನ್ನ ಆರಿಸಿಕೊಳ್ಳಿ, ಪೂರ್ತಿ ವೃತ್ತ ಬರಲೇಬೇಕು ಅಂತ ಹಟ ಬೇಡ, ಒಂದು ಕಡೆ ದಪ್ಪ ಒಂದು ಕಡೆ ತೆಳು ಬಂದ್ರೂ ತೆಳು ಅಂಚಲ್ಲಿ ಎಲ್ಲಾ ಕಾಣತ್ತೆ. ಲ್ಯಾಬಲ್ಲಾದ್ರೆ ಸಫ್ರಾನಿನ್ ಒಂದೆರಡು ಹನಿ, ಕೆಲವು ನಿಮಿಷ ಬಿಟ್ಟು ನೀರಲ್ಲಿ ತೊಳೆದು, ಗ್ಲಿಸರಿನ್ ಹನಿ ಮೇಲಿಟ್ಟು, ಕವರ್ ಸ್ಲಿಪ್ಪನ್ನ ಓರೆಯಾಗಿ ಸೂಜಿ ಮೇಲೆ ಒರಗಿಸಿ ನಿಧಾನಕ್ಕೆ ಬಿಡಬೇಕು, ದಬಕ್ ಅಂತ ಹಾಕಿದ್ರೆ ಗಾಳಿ ಗುಳ್ಳೆ ಕೂತು ಎಷ್ಟೋ ಮಕ್ಕಳು ಆ ಗುಳ್ಳೆಯನ್ನೇ ವೆಸಲ್ (ಕ್ಸೈಲಂನ ನೀರಿನ ಕೊಳವೆ) ಅಂತ ಬರೆದಿದ್ದಾರೆ. ಸಫ್ರಾನಿನ್ ಲಿಗ್ನಿನ್ (ಗಿಡಕ್ಕೆ ಗಟ್ಟಿತನ ಕೊಡೋ ವಸ್ತು) ಇರೋ ಕೋಶದ ಗೋಡೆಗೆ ಗಟ್ಟಿಯಾಗಿ ಹಿಡ್ಕೊಳ್ಳತ್ತೆ, ಅದಕ್ಕೆ ಕ್ಸೈಲಂ ಮತ್ತೆ ನಾರು ಕೆಂಪಗೆ ಕಾಣೋದು. ನಿಮ್ಮ ಬೆರಳಿಗೂ ಹಂಗೇ ಹಿಡ್ಕೊಳ್ಳತ್ತೆ, ಎರಡು ದಿನ ಹೋಗಲ್ಲ.

ಇನ್ನೊಂದು ಕಿತಾಪತಿ ಮಾಡಿದ್ವಿ. ಎಂಡೋಡರ್ಮಿಸ್‌ಗೆ (ಕಟ್ಟುಗಳ ಹೊರಗಡೆ ಸುತ್ತಿರೋ ಕೋಶಗಳ ಪದರ) ಸ್ಟಾರ್ಚ್ ಶೀತ್ ಅಂತ ಇನ್ನೊಂದು ಹೆಸರು ಯಾಕೆ ಅಂದ್ಲು, ಅದರಲ್ಲಿ ಪಿಷ್ಟದ ಕಣ ತುಂಬಿರತ್ತೆ ಅಂತ ಹೇಳಿದೆ. ಗಾಯಕ್ಕೆ ಹಚ್ಚೋ ಬೆಟಡಿನ್ ಮನೇಲಿತ್ತು, ಅದೂ ಅಯೋಡಿನ್ನೇ, ಆಲೂಗಡ್ಡೆ ಚೂರಿಗೆ ಬಿಟ್ರೆ ಕಪ್ಪು ನೀಲಿ ಆಯ್ತು. ಚೆಂಡುಹೂವಿನ ಎಳೇ ಕಾಂಡಕ್ಕೆ ಬಿಟ್ವಿ, ಬಿಎಸ್ಸಿ ಕಾಲದ ನನ್ನ 10ಎಕ್ಸ್ ಲೆನ್ಸಲ್ಲಿ ನೋಡಿದ್ರೆ ಕಟ್ಟುಗಳ ಹೊರಗಡೆ ಒಂದು ಸಣ್ಣ ಕಪ್ಪು ಗೆರೆ, ಕಂಡಂಗೂ ಇತ್ತು ಕಾಣದಂಗೂ ಇತ್ತು. ಅವಳು ಕಾಣ್ತು ಅಂತಾಳೆ. ಇರಲಿ.

ಮಾನೋಕಾಟ್‌ಗೆ ಕಬ್ಬು ಇದ್ದೇ ಇತ್ತಲ್ಲ. ಕಬ್ಬಿಗೆ ಇಂಕೂ ಬೇಡ, ಹಲ್ಲು ಸಾಕು. ಅಗಿದಾಗ ಬರೋ ಸಿಹಿನೀರೆಲ್ಲಾ ಪ್ಯಾರೆಂಕೈಮಾ ಅನ್ನೋ ಮೆತ್ತನೆ ಕೋಶದೊಳಗಿದ್ದಿದ್ದು, ಅಗಿದು ಉಗಿಯೋ ನಾರೇ ವ್ಯಾಸ್ಕ್ಯುಲಾರ್ ಬಂಡಲ್ಲು, ಅಂದ್ರೆ ಆಗ ಹೇಳಿದ ಕಟ್ಟು. ಪ್ರತಿ ಕಟ್ಟಿನ ಸುತ್ತ ಸ್ಕ್ಲೀರೆಂಕೈಮಾ ಅನ್ನೋ ಗಟ್ಟಿ ಕೋಶಗಳ ಕವಚ ಇರತ್ತೆ, ಅದಕ್ಕೇ ಹಲ್ಲಿಗೆ ಬಗ್ಗಲ್ಲ. ಸಿಪ್ಪೆ ಹತ್ರ ಹೋದಂಗೆ ಕಟ್ಟುಗಳು ಚಿಕ್ಕದಾಗಿ ಒತ್ತೊತ್ತಾಗಿರತ್ತೆ, ಮಧ್ಯಕ್ಕೆ ಬಂದಂಗೆ ದೊಡ್ಡದಾಗಿ ದೂರ ದೂರ. ಇದನ್ನೇ ಪುಸ್ತಕದಲ್ಲಿ ಮುಸುಕಿನ ಜೋಳದ ಕಾಂಡಕ್ಕೆ ನಾಲ್ಕು ಸಾಲಲ್ಲಿ ಬರೆದಿರೋದು, ಅವಳು ಅಗೀತಾ ಅಗೀತಾ ಪೂರ್ತಿ ಹೇಳಿಬಿಟ್ಲು.

ಇನ್ನು ಓಪನ್ ಬಂಡಲ್, ಕ್ಲೋಸ್ಡ್ ಬಂಡಲ್. ಕ್ಸೈಲಂಗೂ ಫ್ಲೋಯಂಗೂ ಮಧ್ಯ ಕ್ಯಾಂಬಿಯಂ (ಹೊಸ ಕೋಶ ಹುಟ್ಟಿಸೋ ಪದರ) ಇದ್ರೆ ಓಪನ್, ಇಲ್ಲದಿದ್ರೆ ಕ್ಲೋಸ್ಡ್, ಕ್ಯಾಂಬಿಯಂ ಇದ್ರೆ ಕಾಂಡ ದಪ್ಪ ಆಗ್ತಾ ಹೋಗತ್ತೆ. ಇದನ್ನ ತೋರಿಸೋಕೆ ಮೈಕ್ರೋಸ್ಕೋಪ್ ಯಾಕೆ, ತೋಟಕ್ಕೆ ಕರ್ಕೊಂಡು ಹೋದೆ. ನಮ್ಮ ಹಳೇ ತೆಂಗಿನ ಮರಕ್ಕೆ ತಾತ ಹತ್ತೋಕೆ ಅಂತ ಕಚ್ಚು ಹಾಕಿದ್ರು, ಅಮ್ಮ ಈ ಮನೆಗೆ ಬರೋಕೆ ಮುಂಚೆನೇ ಹಾಕಿದ್ದಂತೆ. ಇವತ್ತಿಗೂ ಆ ಕಚ್ಚು ಹಂಗೇ ಇದೆ, ಮುಚ್ಚಿಕೊಂಡಿಲ್ಲ, ಒಂದಿಂಚು ಮೇಲೂ ಹೋಗಿಲ್ಲ, ಕಾಲಿಟ್ಟರೆ ತಾತನ ಪಾದದ ಅಳತೆಗೇ ಸರಿ. ತೆಂಗಿಗೆ ಕ್ಯಾಂಬಿಯಂ ಇಲ್ಲ, ಗಾಯ ಮುಚ್ಚೋ ಹೊಸ ಮರ ಹುಟ್ಟಲ್ಲ, ಬೆಳೆಯೋದೆಲ್ಲಾ ಸುಳಿಯಲ್ಲಿ. ಅದೇ ಪಕ್ಕದ ಹಲಸಿನ ಮರಕ್ಕೆ ಯಾವಾಗ್ಲೋ ಬಟ್ಟೆ ಒಣಗಿಸೋ ತಂತಿ ಸುತ್ತಿದ್ರು, ಮರ ಅದನ್ನ ಪೂರ್ತಿ ನುಂಗಿಬಿಟ್ಟಿದೆ, ತಂತಿಯ ಎರಡು ತುದಿ ಮಾತ್ರ ಹೊರಗೆ ಇಣುಕ್ತಾ ಇದೆ. ಹಲಸಿನ ತೊಗಟೆಯನ್ನ ಸುತ್ತಲೂ ಬಳೆ ಥರ ಕೆತ್ತಿಬಿಟ್ಟರೆ ಮರ ಸಾಯತ್ತೆ, ಫ್ಲೋಯಂ ತೊಗಟೆ ಜೊತೆಗೇ ಹೋಗಿ ಬೇರಿಗೆ ಊಟ ನಿಲ್ಲತ್ತಲ್ಲ. ತೆಂಗಿನದ್ದು ಕಟ್ಟುಗಳು ಒಳಗೆಲ್ಲಾ ಹರಡಿರೋದ್ರಿಂದ ಕಚ್ಚು ಹಾಕಿದ್ರೂ ಕಾಯಿ ಬಿಡ್ತಾನೇ ಇರತ್ತೆ.

ಮಾರನೇ ದಿನ ಕೆರೆ. ನಮ್ಮೂರ ಕೆರೆ ಅರ್ಧ ಅಂತರಗಂಗೆ ತುಂಬಿ ನೀರೇ ಕಾಣಲ್ಲ, ದಕ್ಷಿಣ ಅಮೆರಿಕದಿಂದ ಬಂದ ಗಿಡ ಅಂತ ಯಾರೂ ನಂಬಲ್ಲ, ಅಷ್ಟು ನಮ್ಮದೇ ಆಗಿದೆ. ಎಲೆ ತೊಟ್ಟು ಬಲೂನ್ ಥರ ಊದಿರತ್ತಲ್ಲ, ಅದನ್ನ ನೀರೊಳಗೆ ಹಿಡಿದು ಹಿಸುಕಿದ್ರೆ ಬುಳು ಬುಳು ಗುಳ್ಳೆ, ಕೊಯ್ದರೆ ಒಳಗೆ ಸ್ಪಂಜು. ಗಾಳಿ ತುಂಬಿಕೊಂಡಿರೋ ಇದೇ ಏರೆಂಕೈಮಾ. ಜೊತೆಗೆ ಒಂದು ಹಿಡಿ ಹೈಡ್ರಿಲ್ಲಾನೂ ಎತ್ತಿದ್ವಿ, ನೀರಲ್ಲಿದ್ದಾಗ ನೆಟ್ಟಗೆ ನಿಂತಿದ್ದ ಗಿಡ ಆಚೆ ತೆಗೆದ ತಕ್ಷಣ ಒದ್ದೆ ಕೂದಲಿನ ಥರ ಕೈಗೆ ಜೋತುಬಿತ್ತು. ಸುತ್ತಲೂ ನೀರಿದ್ಮೇಲೆ ಪೈಪ್ ಯಾಕೆ ಬೇಕು, ಎತ್ತಿ ಹಿಡಿಯೋಕೆ ನೀರೇ ಇದ್ಮೇಲೆ ಕಂಬ ಯಾಕೆ ಬೇಕು? ಹಾಗಾಗಿ ಅದರಲ್ಲಿ ಕ್ಸೈಲಂ ಹೆಸರಿಗಷ್ಟೇ, ಮೈಮೇಲೆ ಸ್ಟೊಮ್ಯಾಟಾ, ಅಂದ್ರೆ ಗಾಳಿ, ಆವಿ ಓಡಾಡೋ ಸಣ್ಣ ರಂಧ್ರ, ಇಲ್ಲ. ತಾವರೆ ಎಲೆ ನೀರ ಮೇಲೆ ಮಲಗಿರೋದ್ರಿಂದ ಅದರ ಸ್ಟೊಮ್ಯಾಟಾ ಎಲ್ಲಾ ಮೇಲ್ಮುಖಕ್ಕೇ.

ಬರ್ತಾ ದಾರೀಲಿ ಬೇಲಿಯ ಪಾಪಾಸುಕಳ್ಳಿ ಸಿಕ್ತು. ಮೊದಲೆಲ್ಲಾ ಊರ ಸುತ್ತ ಇದೇ ಇತ್ತು ಅಂತ ಹಿರಿಯರು ಹೇಳ್ತಿದ್ದುದು ಸುಳ್ಳಲ್ಲ. 1926ರಲ್ಲಿ ಶ್ರೀಲಂಕಾದಿಂದ ಕಳ್ಳಿಯ ರಸ ಹೀರೋ ಕೊಚಿನೀಲ್ ಹುಳ ತಂದು ದಕ್ಷಿಣ ಭಾರತದಲ್ಲಿ ಬಿಟ್ಟಮೇಲೆ ಕಳ್ಳಿ ತುಂಬಾ ಕಡೆ ಸೊರಗಿಹೋಯ್ತು. ಒಂದು ಎಳೇ ಅಂಗೈ ನೋಡಿದ್ರೆ ಅದರ ಮೇಲೆ ಪುಟ್ಟ ಪುಟ್ಟ ಮೊಳೆ ಥರ ನಿಜವಾದ ಎಲೆಗಳೇ ಇದ್ವು, ಬಲಿಯೋಷ್ಟರಲ್ಲಿ ಉದುರಿ ಹೋಗತ್ತೆ. ಪುಟ್ಟಿಗೆ ಈಗ ಹೊಳೀತು, ಅಂಗೈ ಕಾಂಡ, ಎಲೆ ಕೆಲಸ ಕಾಂಡವೇ ಮಾಡತ್ತೆ, ಕೊಯ್ದರೆ ಒಳಗೆ ಲೋಳೆ, ಆ ಲೋಳೆ ನೀರನ್ನ ಬಿಗಿಯಾಗಿ ಹಿಡಿದಿಟ್ಟುಕೊಳ್ಳತ್ತೆ. ಹಗಲು ಬಾಗಿಲು ಹಾಕಿಕೊಂಡು ರಾತ್ರಿ ಮಾತ್ರ ಸ್ಟೊಮ್ಯಾಟಾ ತೆರೆದು ಕಾರ್ಬನ್ ಡೈ ಆಕ್ಸೈಡ್ ತಗೊಳ್ಳತ್ತೆ. ಗುಡಿ ಮುಂದಿನ ಕಣಗಿಲೆಯದ್ದು ಇನ್ನೊಂದು ಉಪಾಯ, ಎಲೆ ಅಡಿಯಲ್ಲಿ ಗುಳಿ, ಗುಳಿಯೊಳಗೆ ಕೂದಲು, ಕೂದಲ ಹಿಂದೆ ಸ್ಟೊಮ್ಯಾಟಾ, ಅಲ್ಲಿಗೆ ಗಾಳಿ ನುಗ್ಗಿ ಆವಿ ಹೊತ್ಕೊಂಡು ಹೋಗಕ್ಕಾಗಲ್ಲ.

ಪ್ರಾಣಿಗಳಿಗೂ ಅದೇ ಪ್ರಶ್ನೆ. ಒಂಟೆ ಡುಬ್ಬದಲ್ಲಿ ನೀರಿರತ್ತೆ ಅಂತ ಅವಳ ರೆಕಾರ್ಡಲ್ಲಿ ಇರಲಿಲ್ಲ, ಪುಣ್ಯ, ಆದ್ರೆ ಬಾಯಲ್ಲಿ ಬಂತು. ಡುಬ್ಬ ಅಂದ್ರೆ ಕೊಬ್ಬು ಮಗಳೇ. ನಮಗೆ ಕೊಬ್ಬು ಮೈಯೆಲ್ಲಾ ಕಂಬಳಿ ಹೊದ್ದಂಗೆ ಕೂರತ್ತೆ, ಒಂಟೆ ಅದನ್ನ ಒಂದೇ ಕಡೆ ಮೂಟೆ ಕಟ್ಟಿಟ್ಟಿದೆ, ಮಿಕ್ಕ ಮೈಯಿಂದ ಶಾಖ ಸಲೀಸಾಗಿ ಹೊರಗೆ ಹೋಗ್ಲಿ ಅಂತ. ನೀರಿನ ಉಳಿತಾಯ ಬೇರೆ ಕಡೆ ಇದೆ. ನೀರು ಸಿಗದ ಒಂಟೆ ತನ್ನ ಮೈ ಬಿಸಿಯನ್ನ ಬೆಳಗ್ಗೆ 34 ಡಿಗ್ರಿಗೆ ಇಳಿಸಿ ಮಧ್ಯಾಹ್ನ 40ರ ತನಕ ಏರೋಕೆ ಬಿಡತ್ತೆ, ನಾವಾಗಿದ್ರೆ ಅಷ್ಟೊತ್ತಿಗೆ ಬೆವರಿ ಬೆವರಿ ಒಣಗಿಹೋಗಿರ್ತಿದ್ವಿ. ನೀರು ಸಿಕ್ಕಾಗ ಹತ್ತು ಹದಿನೈದು ನಿಮಿಷದಲ್ಲಿ 100 ಲೀಟರ್‌ವರೆಗೂ ಕುಡಿಯತ್ತೆ, ಅದರ ಕೆಂಪು ರಕ್ತಕಣ ಮೊಟ್ಟೆಯಾಕಾರ, ಅಷ್ಟು ನೀರು ಒಮ್ಮೆಲೇ ನುಗ್ಗಿದ್ರೂ ಒಡೆಯಲ್ಲ.

ಮೀನಿನ ಹೊಟ್ಟೆಯೊಳಗಿನ ಗಾಳಿ ಚೀಲಕ್ಕೂ ಅಂತರಗಂಗೆ ತೊಟ್ಟಿಗೂ ಏನು ಸಂಬಂಧ ಅಂತ ಅವಳೇ ಹೇಳಿದ್ಲು, ಎರಡೂ ಗಾಳಿ ತುಂಬಿಕೊಂಡು ಮುಳುಗದಂಗೆ ಇರೋದು, ಮೀನಿಗಾದ್ರೆ ಒಳಗಿನ ಗಾಳಿ ಹೆಚ್ಚು ಕಮ್ಮಿ ಮಾಡ್ಕೊಳ್ಳೋಕೆ ಬರತ್ತೆ, ತೊಟ್ಟಿಗೆ ಬರಲ್ಲ ಅಷ್ಟೇ. ಸಮುದ್ರದ ಹಾವಿನ ಬಾಲ ದೋಣಿಯ ಹುಟ್ಟಿನ ಥರ ಪಕ್ಕದಿಂದ ಚಪ್ಪಟೆ, ಸ್ಪಾಟಿಂಗಲ್ಲಿ ಹಾವು ಕಂಡ್ರೆ ಮೊದಲು ಬಾಲ ನೋಡು ಅಂತ ಹೇಳಿದೆ, ತಲೆ ನೋಡಿ ಹೆದರಬೇಡ, ಅದು ಸತ್ತಿದೆ.

ಒಂದೇ ಒಂದು ಕಡೆ ನನ್ನ ಪ್ರಶ್ನೆ ಅವಳನ್ನ ಸಿಕ್ಕಿಸ್ತು. ಕಳೆದ ವರ್ಷ ಹೊನ್ನಾವರಕ್ಕೆ ಹೋದಾಗ ಶರಾವತಿ ಹಿನ್ನೀರಿನ ಮರದ ಸೇತುವೆ ಮೇಲೆ ನಡೆದು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳನ್ನ ನೋಡಿದ್ಲು. "ಚಿಕ್ಕಮ್ಮ, ಅದು ನೀರಲ್ಲೇ ನಿಂತಿದೆ, ಎಲೆ ಯಾಕೆ ಮರಳುಗಾಡಿನ ಗಿಡದ ಥರ ದಪ್ಪಗೆ ಮೇಣ ಹಚ್ಚಿದಂಗಿದೆ? ಮೆತ್ತಗಿರಬೇಕಿತ್ತಲ್ವಾ ಹೈಡ್ರಿಲ್ಲಾ ಥರ?" ಒಳ್ಳೇ ಪ್ರಶ್ನೆ. ನೀರೇನೋ ಇದೆ, ಉಪ್ಪು ನೀರು. ಸಮುದ್ರದ ಮಧ್ಯ ಬಾಯಾರಿ ಕೂತವನ ಸ್ಥಿತಿ. ಉಪ್ಪು ನೀರಿಂದ ಸಿಹಿನೀರು ಹೀರೋಕೆ ಗಿಡ ಕಷ್ಟ ಪಡಬೇಕು, ಕಷ್ಟಪಟ್ಟು ಹೀರಿದ್ದನ್ನ ಸುಮ್ಮನೆ ಆವಿ ಮಾಡಿ ಕಳೆಯೋಕಾಗಲ್ಲ. ಕೆಲವು ಜಾತಿ ಎಲೆಯಿಂದಲೇ ಉಪ್ಪು ಹೊರಗೆ ಹಾಕತ್ತೆ, ನೆಕ್ಕಿದ್ರೆ ಉಪ್ಪುಪ್ಪು. ಬುಡದ ಕೆಸರಲ್ಲಿ ಗಾಳಿ ಇಲ್ಲ, ಅದಕ್ಕೆ ಕೆಲವದರ ಬೇರು ನೆಲದಿಂದ ಮೇಲಕ್ಕೆ ಪೆನ್ಸಿಲ್ ನೆಟ್ಟಂಗೆ ಎದ್ದು ನಿಂತು ಉಸಿರಾಡತ್ತೆ. ಇನ್ನು ಕೆಲವದರ ಬೀಜ ಮರದಲ್ಲಿದ್ದಾಗಲೇ ಮೊಳೆತು ಉದ್ದ ಕೋಲಾಗಿ, ಆಮೇಲೆ ಕೆಳಗೆ ಬೀಳೋದು. ಅವತ್ತು ಇದನ್ನೆಲ್ಲಾ ಫೋಟೋಗೆ ಬ್ಯಾಕ್‌ಗ್ರೌಂಡ್ ಅಂತ ನೋಡಿದ್ಳಂತೆ.

ಪ್ರಾಕ್ಟಿಕಲ್ ಮುಗಿಸಿ ಫೋನ್ ಮಾಡಿದ್ಲು. ಪಾಪಾಸುಕಳ್ಳಿ ಬಂದಿತ್ತಂತೆ, ಒಂಟೆ ಮಾಡೆಲ್ ಬಂದಿತ್ತಂತೆ, ಅದರ ಒಂದು ಕಿವಿ ಮುರಿದಿತ್ತಂತೆ. ದಂಟಿನ ವಿಷ್ಯ ವೈವಾದಲ್ಲಿ ಯಾರೂ ಕೇಳಲಿಲ್ಲ ಅನ್ನೋದೇ ಅವಳಿಗೆ ಬೇಜಾರು. ಇಲ್ಲಿ ಅಮ್ಮನ ಪ್ಲಾಸ್ಟಿಕ್ ಜಗ್ಗಿನ ತಳ ಇನ್ನೂ ಕೆಂಪಗಿದೆ, ಹುಣಸೆಹಣ್ಣು ಹಾಕಿ ತಿಕ್ಕಿದ್ರೂ ಹೋಗಿಲ್ಲ, ಈಗ ಅದನ್ನ ಬಚ್ಚಲಿಗೆ ಇಳಿಸಿದ್ದಾಳೆ, ಮೊನ್ನೆ ಸೊಪ್ಪು ಬಿಡಿಸ್ತಾ ಒಂದು ದಂಟು ಮುರಿದು ಬೆಳಕಿಗೆ ಹಿಡಿದು "ಇದ್ರಲ್ಲಿ ಎಲ್ಲೇ ಇರೋದು ನಿಮ್ಮ ಉಪ್ಪಿಟ್ಟು" ಅಂತ ಕೇಳಿದ್ಲು.